ಅಜ್ಜಿಗೊಂದು ಪ್ಯಾರಾ

ಅಜ್ಜಿ ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ದಿನ ಹಂಚುವ ಹಾಳೆಗೆ ಒಂದೇ ಒಂದು ಪ್ಯಾರಾ ಬರೆದುಕೊಡು ಅಂದರು ಮಾವ. ದಿನಾ ಆಫೀಸಲ್ಲಿ ರಿಪೋರ್ಟು ಬರೆಯೋನಿಗೆ ಇದೇನು ಮಹಾ? ಹತ್ತೇ ನಿಮಿಷ. ಮೊದಲ ವಾಕ್ಯದಲ್ಲಿ ಮುಖ್ಯ ವಿಷಯ: ಅಜ್ಜಿ ತ್ಯಾಗಮಯಿ. ಆಮೇಲೆ ಮೂರು ಪುರಾವೆ, ಕೊನೆಗೆ ಸಾರಾಂಶ. ಅಮ್ಮ ಓದಿ, "ಇದು ಯಾರ ಅಜ್ಜಿ ಕಣೋ?" ಅಂದಳು.

ಆ ರಾತ್ರಿ ಕಪಾಟಿನಿಂದ ಮೂರು ಪುಸ್ತಕ ಇಳಿಸಿದೆ, ಕತೆಗಲ್ಲ, ಪ್ಯಾರಾ ಹೇಗೆ ಕಟ್ಟಿದ್ದಾರೆ ಅಂತ ನೋಡೋಕೆ.

ತೇಜಸ್ವಿಯವರ 'ಕರ್ವಾಲೊ' (1980) ಹಾರುವ ಓತಿಯ ಬೆರಗಿಗೆ ನಮ್ಮನ್ನು ನೇರ ಕರೆದೊಯ್ಯಲ್ಲ. ಜೇನು, ಮಂದಣ್ಣನ ಪೇಚಾಟ, ಊರಿನ ಹರಟೆ, ಇವುಗಳ ನಡುವೆ ಸುತ್ತಾಡಿಸುತ್ತೆ. ಪ್ಯಾರಾ ಸಣ್ಣ ಕೆಲಸದಿಂದ ಶುರುವಾಗಿ ದೊಡ್ಡ ಪ್ರಶ್ನೆಗೆ ತಲುಪಿರುತ್ತೆ, ನಮಗೆ ಗೊತ್ತೇ ಆಗಿರಲ್ಲ. ಚಿತ್ತಾಲರ 'ಶಿಕಾರಿ' (1979) ಇದಕ್ಕೆ ತದ್ವಿರುದ್ಧ. ಮುಂಬಯಿಯಲ್ಲಿ ಕೆಲಸದಿಂದ ಅಮಾನತಾದ ನಾಗಪ್ಪನ ಒಂದು ಅನುಮಾನದ ಬಾಲ ಹಿಡಿದು ಇನ್ನೊಂದು ಬರುತ್ತೆ. ಓದುವಾಗ ಉಸಿರು ಕಟ್ಟುತ್ತೆ. ಕಟ್ಟಲೇಬೇಕು, ಅವನ ತಲೆ ಇರೋದೇ ಹಾಗೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಮಾತ್ರ ತಣ್ಣಗೆ ಹೇಳುತ್ತೆ. ಪ್ಯಾರಾ ಎಲ್ಲಿ ನಿಲ್ಲುತ್ತೋ ಅಲ್ಲಿಂದ ನಮ್ಮ ಭಯ ಶುರು.

ಹಾಗಂತ ನನ್ನ ಆಫೀಸಿನ ಸೂತ್ರ ತಪ್ಪಲ್ಲ. ಎರಡು ನಿಮಿಷ ಬಿಡುವಿರೋ ಮ್ಯಾನೇಜರ್‌ಗೆ ಮುಖ್ಯ ವಿಷಯ ಮೊದಲೇ ಬೇಕು. ಆದರೆ ಆ ಸೂತ್ರ ನೋಡೋಕೆ ಮುಂಚೆಯೇ ತೀರ್ಮಾನ ಮಾಡಿಬಿಡುತ್ತೆ. ಈ ಮೂವರಲ್ಲಿ ಪ್ಯಾರಾದ ಆಕಾರ ಹುಟ್ಟೋದು, ಯಾರು ನೋಡ್ತಿದ್ದಾರೆ, ಎಷ್ಟು ಹತ್ತಿರದಿಂದ ನೋಡ್ತಿದ್ದಾರೆ ಅನ್ನೋದರಿಂದ.

ಹಾಗಾಗಿಯೇ ನಕಲು ಕೈಕೊಡುತ್ತೆ. ತೇಜಸ್ವಿ ಥರ ಬರೆಯೋಕೆ ಹೋದೆ, ಅಜ್ಜಿ ಜೋಕಾದಳು. ಚಿತ್ತಾಲರ ಥರ ಬರೆದೆ, ಪ್ಯಾರಾ ತುಂಬ ನನ್ನ ಸಂಕಟವೇ ಆಯ್ತು, ಅಜ್ಜಿ ನಾಪತ್ತೆ.

ಕೊನೆಗೆ ಎಲ್ಲ ಪಕ್ಕಕ್ಕಿಟ್ಟು ನಾನು ಕಣ್ಣಾರೆ ಕಂಡಿದ್ದನ್ನಷ್ಟೇ ಬರೆದೆ: ಅಜ್ಜಿ ಬಸ್ ಟಿಕೆಟ್ಟಿನ ಹಿಂದೆ ಹಾಲಿನ ಲೆಕ್ಕ ಬರೆದು, ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ಅಮ್ಮ ಓದಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಸಿವೆ ಅಲ್ಲ, ಮೆಂತ್ಯದ ಡಬ್ಬಿ" ಅಂದಳು.

ತಿದ್ದಿದೆ. ತ್ಯಾಗಮಯಿ ಅಂತ ಬರೆದಾಗ ತಿದ್ದೋಕೆ ಅವಳಿಗೆ ಏನೂ ಸಿಕ್ಕಿರಲಿಲ್ಲ.