ಮೊದಲು ಸೆಂಟ್ ಫೋಲ್ಡರ್ ನೋಡಿ

ಈ ಸಲ ಉಗಾದಿಗೆ ಊರಿಗೆ ಹೋದಾಗ ಕಾಕಾ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ರು: “ತಮ್ಮಾ, ಕಂಪ್ಯೂಟರ್ ಕಟಕಟ ಅನ್ನಾಕತ್ತೈತಿ. ಮೊದಲ ಅದನ್ನ ನೋಡು, ಆಮ್ಯಾಲ ಹೋಳಿಗಿ.”

ಕಾಕಾ ಇರೋದು ಮುಶಿಗೇರಿಯಲ್ಲಿ. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಾಗಿದ್ದು ರಿಟೈರ್ ಆದವರು. ಮಗ ಅಮೆರಿಕಕ್ಕೆ ಹೋದ ವರ್ಷ, ಅಂದ್ರೆ 2003ರಲ್ಲಿ, ಮನೆಗೆ ಕಂಪ್ಯೂಟರ್ ಬಂತು. ಆಗ ಡಯಲ್-ಅಪ್ ಕಾಲ. ನಿಮಿಷ ನಿಮಿಷಕ್ಕೂ ಬಿಲ್ಲು. ಹಾಗಾಗಿ ಲೈನ್ ಹಚ್ಚೋದು, ಮೇಲ್ ಎಲ್ಲಾ ಇಳಿಸಿಕೊಳ್ಳೋದು, ಲೈನ್ ಕಟ್ ಮಾಡಿ ನಿಧಾನಕ್ಕೆ ಓದೋದು. ಇದಕ್ಕೆ ಅಂತಲೇ ಇದ್ದದ್ದು ಔಟ್‌ಲುಕ್ ಎಕ್ಸ್‌ಪ್ರೆಸ್. ಅದರಲ್ಲಿ ಇನ್ನೊಂದು ಸೌಲಭ್ಯವೂ ಇತ್ತು: ನ್ಯೂಸ್‌ಗ್ರೂಪ್. ಕಾಕಾಗೆ ನಕ್ಷತ್ರ ನೋಡೋ ಹುಚ್ಚು. ‘ಸೈ ಡಾಟ್ ಆಸ್ಟ್ರೋ ಡಾಟ್ ಅಮೆಚೂರ್’ ಅನ್ನೋ ಗುಂಪಿಗೆ ಸೇರಿಕೊಂಡು, ಟೆಲಿಸ್ಕೋಪ್ ಇಟ್ಟುಕೊಂಡ ಜಗತ್ತಿನ ಜನರ ಮಾತನ್ನೆಲ್ಲಾ ಹೀಗೇ ಇಳಿಸಿಕೊಂಡು ಓದೋರು. 2003ರ ಆಗಸ್ಟ್ 27ಕ್ಕೆ ಮಂಗಳ ಗ್ರಹ ಭೂಮಿಗೆ ಸುಮಾರು 60,000 ವರ್ಷದಲ್ಲೇ ಅತೀ ಹತ್ತಿರ ಬಂದಾಗ ಅಲ್ಲಿ ಹಬ್ಬದ ಗದ್ದಲ. ಮುಂದೆ ‘ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣ್ತದೆ’ ಅನ್ನೋ ಸುಳ್ಳು ಮೇಲ್ ಆಗಸ್ಟ್ ಬಂತಂದ್ರೆ ತಿರುಗೋಕೆ ಶುರುವಾಯ್ತಲ್ಲ, ನಮ್ಮ ಮನೆಯಲ್ಲಿ ಯಾರೂ ಅದನ್ನ ಮುಂದಕ್ಕೆ ಕಳಿಸಲಿಲ್ಲ. ಕಾಕಾ ಲೆಕ್ಕ ಮಾಡಿ ತೋರಿಸಿದ್ರು.

ಎಕ್ಸ್‌ಪಿ ಹೋಗಿ ವಿಂಡೋಸ್ 7 ಬಂದಾಗ ಅದರ ಜೊತೆ ಮೇಲ್ ಪ್ರೋಗ್ರಾಂ ಬರಲಿಲ್ಲ. ವಿಂಡೋಸ್ ಲೈವ್ ಮೇಲ್ ಬೇರೆ ಹಾಕ್ಕೋಬೇಕಿತ್ತು. ಅದರ ಸಪೋರ್ಟ್ 2017ರ ಜನವರಿಯಲ್ಲಿ ನಿಂತಿತು. ಕಾಕಾ ಮಾತ್ರ ನಿಲ್ಲಿಸಲಿಲ್ಲ. “ಅವರು ಕೈ ಬಿಟ್ಟರ ನಾ ಯಾಕ ಬಿಡ್ಲಿ” ಅನ್ನೋ ಮನುಷ್ಯ. ಈಗ ಹಾರ್ಡ್ ಡಿಸ್ಕೇ ಕಟಕಟ ಅಂದಾಗ ಬೇರೆ ದಾರಿ ಇರಲಿಲ್ಲ. ಹೊಸ ಮಷಿನ್ ಬೇಕು, ಅದಕ್ಕೊಂದು ಹೊಸ ಮೇಲ್ ಪ್ರೋಗ್ರಾಂ ಬೇಕು.

ಇಷ್ಟಕ್ಕೆ ಯಾಕೆ ಒಂದು ಲೇಖನ ಅಂತ ಕೇಳ್ತೀರಿ. ಬ್ರೌಸರ್‌ನಲ್ಲಿ ಜಿಮೇಲ್ ತೆಗೆದು ಕೊಟ್ಟರೆ ಮುಗೀತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಕಾಕಾ ಕೇಳಿದ ಒಂದೇ ಪ್ರಶ್ನೆಗೆ ನನ್ನ ಐಟಿ ಗತ್ತು ಇಳಿದು ಹೋಯ್ತು: “ಅದರಾಗ ನಿಮ್ಮ ಚಿಗವ್ವಂದು ಬರ್ತೈತೇನು?”

ಚಿಗವ್ವ ತೀರಿಕೊಂಡು ಕೆಲವು ವರ್ಷ ಆಯ್ತು. ಆಕೆಗೆ ಟೈಪಿಂಗ್ ಬರ್ತಿರಲಿಲ್ಲ. ಅಡುಗೆಮನೆ ಬಾಗಿಲಿಗೆ ಕೂತು ಮಗನಿಗೆ ಏನು ಬರೀಬೇಕು ಅಂತ ಹೇಳೋರು, ಕಾಕಾ ಟೈಪ್ ಮಾಡೋರು. ಉಳ್ಳಾಗಡ್ಡಿ ರೇಟು, ಯಾರ ಮನೆ ಮದುವೆ, ‘ಅಲ್ಲಿ ಛಳಿಗೆ ಕಿವಿ ಮುಚ್ಚಿಕೋ’. ಆ ಮಾತೆಲ್ಲ ಇರೋದು ಇನ್‌ಬಾಕ್ಸಿನಲ್ಲಲ್ಲ, ಸೆಂಟ್ ಫೋಲ್ಡರಿನಲ್ಲಿ. ಕಾಕಾನ ಮೇಲ್ ಮೊದಲಿಂದ ಸೆಟ್ ಆಗಿದ್ದದ್ದು ಪಾಪ್ ಪದ್ಧತಿಯಲ್ಲಿ. ಪಾಪ್ ಅಂದ್ರೆ ಸರ್ವರ್‌ನಿಂದ ಬಂದ ಮೇಲ್ ಇಳಿಸಿಕೊಳ್ಳೋದು, ಅಷ್ಟೇ. ನೀವು ಕಳಿಸಿದ್ದರ ಪ್ರತಿ ನಿಮ್ಮ ಡಿಸ್ಕಿನಲ್ಲಿ ಮಾತ್ರ. ಅಂದ್ರೆ ಚಿಗವ್ವನ ಮಾತು ಕಾಕಾನ ಕಡೆ ಉಳಿದಿದ್ದದ್ದು ಆ ಕಟಕಟ ಅನ್ನೋ ಡಿಸ್ಕ್ ಒಂದರಲ್ಲೇ.

ಅಲ್ಲಿಂದ ನನ್ನ ಹುಡುಕಾಟದ ದಿಕ್ಕೇ ಬದಲಾಯ್ತು. ಮೇಲ್ ಪ್ರೋಗ್ರಾಂಗಳ ವಿಮರ್ಶೆ ನೋಡಿದ್ರೆ ಎಲ್ಲಾ ಒಂದೇ ರಾಗ: ಇಂಟರ್‌ಫೇಸ್ ನೀಟಾಗಿದೆ, ಡಾರ್ಕ್ ಮೋಡ್ ಇದೆ, ಕ್ಯಾಲೆಂಡರ್ ಚೆನ್ನಾಗಿದೆ, ಈಗಂತೂ ಎಐ ಇದೆ. ಹಳೇದನ್ನ ಹೇಗೆ ಒಳಗೆ ತರೋದು, ಅದಕ್ಕಿಂತ ಮುಖ್ಯ, ನಾಳೆ ಇದೂ ನಿಂತು ಹೋದ್ರೆ ಹೇಗೆ ಹೊರಗೆ ತೆಗೆಯೋದು ಅಂತ ಬರೆದವರು ಕಡಿಮೆ. ನಾನು ನೋಡಿದ್ದು ಮುಖ್ಯವಾಗಿ ಇದನ್ನೇ.

ಮೊದಲಿಗೆ ಮೈಕ್ರೋಸಾಫ್ಟ್‌ನ ಹೊಸ ಔಟ್‌ಲುಕ್. ವಿಂಡೋಸ್ ಜೊತೆ ಬರ್ತಿದ್ದ ಮೇಲ್ ಆ್ಯಪ್‌ಗೆ 2024ರ ಡಿಸೆಂಬರ್ 31ಕ್ಕೆ ಸಪೋರ್ಟ್ ಮುಗಿಸಿ ಎಲ್ಲರನ್ನೂ ಇದಕ್ಕೆ ತಳ್ಳಿದ್ದಾರೆ. ನೋಡೋಕೆ ಚಂದವೇ. ಆದರೆ ಪುಕ್ಕಟೆ ಅಕೌಂಟಿಗೆ ಜಾಹೀರಾತು ಬರ್ತವೆ. ಜಿಮೇಲ್‌ನಂಥ ಬೇರೆ ಕಂಪನಿ ಅಕೌಂಟ್ ಸೇರಿಸಿದ್ರೂ ಅದರ ಪ್ರತಿ ಮೈಕ್ರೋಸಾಫ್ಟ್ ಕ್ಲೌಡಿಗೆ ಹೋಗ್ತದೆ. ನ್ಯೂಸ್‌ಗ್ರೂಪ್ ಇಲ್ಲವೇ ಇಲ್ಲ. ಆಫೀಸಿನ ಮೇಲ್‌ಗೆ ಇದು ಸಾಕು. ಇಪ್ಪತ್ತು ವರ್ಷದ ಕಾಗದ ಇಟ್ಟುಕೊಂಡವರಿಗೆ ಅಲ್ಲ.

ಕ್ಲಾಸ್ ಮೇಲ್ ನನಗೆ ತುಂಬಾ ಹಿಡಿಸಿತು. ಹಗುರ, ಚುರುಕು, ನ್ಯೂಸ್‌ಗ್ರೂಪ್ ಇದೆ, ಒಂದೊಂದು ಮೇಲ್ ಒಂದೊಂದು ಫೈಲ್ ಆಗಿ ಇಡ್ತದೆ. ತೊಡಕು ಇನ್ನೊಂದು ಕಡೆ. ಅದು ಸಾದಾ ಅಕ್ಷರದ ಪಕ್ಷ. ಎಚ್‌ಟಿಎಂಎಲ್ ಮೇಲ್ ಬರೆಯೋಕೆ ಬರಲ್ಲ, ಓದೋಕೆ ಪ್ಲಗಿನ್ ಬೇಕು. ಇಂಗ್ಲಿಷಿನಲ್ಲಿ ಮೇಲ್ ಮಾಡಿದವರಿಗೆ ಇದು ಸಣ್ಣ ಸಂಗತಿ. ಕನ್ನಡದಲ್ಲಿ ಮಾಡಿದವರಿಗೆ ಅಲ್ಲ, ಯಾಕೆ ಅಂತ ಹೇಳ್ತೀನಿ.

ಕಾಕಾ ಮೊದಮೊದಲು ಟೈಪ್ ಮಾಡಿದ್ದು ಬರಹದಲ್ಲಿ. 1998ರಲ್ಲಿ ಶೇಷಾದ್ರಿವಾಸು ಹೊರತಂದ ಆ ತಂತ್ರಾಂಶ ಇಲ್ಲದಿದ್ರೆ ನಮ್ಮಲ್ಲಿ ಎಷ್ಟೋ ಜನ ಅಮ್ಮಂದಿರಿಗೆ ‘ಹೇಗಿದ್ದೀಯ’ ಅಂತಲೂ ಇಂಗ್ಲಿಷ್ ಅಕ್ಷರದಲ್ಲೇ ಬರೀತಿದ್ವಿ. ಆದರೆ ಬರಹ, ನುಡಿಗಳ ಆಗಿನ ಫಾಂಟ್‌ಗಳು ಯೂನಿಕೋಡ್ ಅಲ್ಲ. ಕಂಪ್ಯೂಟರ್ ಪಾಲಿಗೆ ಅದೆಲ್ಲ ಯುರೋಪಿನ ಅಕ್ಷರಗಳೇ, ಫಾಂಟ್ ಎಂಬ ವೇಷ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣೋದು. ಮೇಲ್‌ನಲ್ಲಿ ಆ ವೇಷದ ಸೂಚನೆ ಇರೋದು ಎಚ್‌ಟಿಎಂಎಲ್ ಒಳಗೆ. ಅದನ್ನ ಕಿತ್ತು ಸಾದಾ ಅಕ್ಷರ ತೋರಿಸೋ ಪ್ರೋಗ್ರಾಂನಲ್ಲಿ ಚಿಗವ್ವನ ಮಾತು ತಲೆಬುಡ ಇಲ್ಲದ ಚಿಹ್ನೆಗಳ ರಾಶಿ. ಕನ್ನಡಿಗರು ಮೇಲ್ ಪ್ರೋಗ್ರಾಂ ಆರಿಸುವಾಗ ಈ ಪರೀಕ್ಷೆ ಮಾಡಲೇಬೇಕು: ಬರಹದ ಕಾಲದ ಒಂದು ಮೇಲ್, ಯೂನಿಕೋಡ್ ಕಾಲದ ಒಂದು ಮೇಲ್, ಎರಡನ್ನೂ ತೆಗೆದು ನೋಡಿ.

ಸೀಮಂಕಿ ಅಂತ ಇನ್ನೊಂದಿದೆ, ಹಳೇ ನೆಟ್‌ಸ್ಕೇಪ್ ವಂಶದ್ದು. ಬ್ರೌಸರ್, ಮೇಲ್, ನ್ಯೂಸ್‌ಗ್ರೂಪ್ ಎಲ್ಲಾ ಒಂದರಲ್ಲೇ. ಕಾಕಾಗೆ ಅದರ ಮುಖಪರಿಚಯವೇ ಖುಷಿ ಕೊಟ್ಟಿತು. ಆದರೆ ನಡೆಸೋ ಕೈಗಳು ಕಡಿಮೆ, ಹೊಸ ಆವೃತ್ತಿ ನಿಧಾನ. ನಿಂತು ಹೋಗೋ ಪ್ರೋಗ್ರಾಂನಿಂದ ಓಡಿ ಬಂದವರನ್ನ ಅಲ್ಲಿ ಕೂರಿಸೋಕೆ ನನಗೆ ಧೈರ್ಯ ಬರಲಿಲ್ಲ.

ಕೊನೆಗೆ ಉಳಿದದ್ದು ಥಂಡರ್‌ಬರ್ಡ್. 2004ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿ ಬಂತು. 2012ರಲ್ಲಿ ಮೊಜಿಲ್ಲಾದವರೇ ‘ಇನ್ನು ಇದಕ್ಕೆ ಹೊಸದೇನೂ ಮಾಡಲ್ಲ’ ಅಂದಾಗ ಇದೂ ಹೋಯ್ತು ಅಂದುಕೊಂಡಿದ್ವಿ. ಬಳಸೋರ ದೇಣಿಗೆ ಎತ್ತಿ ನಿಲ್ಲಿಸಿತು. 2020ರಲ್ಲಿ ಅದಕ್ಕೆ ಅಂತಲೇ ಬೇರೆ ಕಂಪನಿ ಆಯ್ತು, 2023ರಲ್ಲಿ ಮುಖಚಹರೆ ಪೂರಾ ಬದಲಾಯ್ತು. ಮೇಲ್ ಮತ್ತು ನ್ಯೂಸ್‌ಗ್ರೂಪ್ ಎರಡೂ ಒಂದೇ ಕಿಟಕಿಯಲ್ಲಿವೆ. ಬರಹ ಫಾಂಟ್ ಹಾಕಿ, ಫಾಂಟ್ ಸೆಟ್ಟಿಂಗ್‌ನಲ್ಲಿ ಮೇಲ್‌ಗಳು ತಮ್ಮದೇ ಫಾಂಟ್ ಬಳಸೋಕೆ ಅನುಮತಿ ಕೊಟ್ಟಿದ್ದೇ 2004ರ ಮೇಲ್ ಕನ್ನಡವಾಗಿ ಎದ್ದು ಕೂತಿತು.

ಹಾಗಂತ ಹೊಗಳಿಕೆಯೇ ಅಲ್ಲ. ಒಂದು ಫೋಲ್ಡರಿನ ಮೇಲ್‌ಗಳನ್ನೆಲ್ಲ ಒಂದೇ ಉದ್ದನೆಯ ಫೈಲಿನಲ್ಲಿ ಇಡೋದು ಅದರ ಮೂಲ ರೂಢಿ. ಅಳಿಸಿದ್ದು ಕೂಡ, ‘ಕಾಂಪ್ಯಾಕ್ಟ್’ ಆಗೋವರೆಗೆ ಅಲ್ಲೇ ಇರ್ತದೆ, ಫೈಲ್ ಉಬ್ಬುತ್ತಾ ಹೋಗ್ತದೆ. ಸೆಟ್ಟಿಂಗ್‌ಗಳು ಮೂರು ಕಡೆ ಚದುರಿವೆ. ಇನ್ನು ಹುಡುಕಾಟದಲ್ಲಿ ‘ಉಳ್ಳಾಗಡ್ಡಿ’ ಅಂತ ಟೈಪ್ ಮಾಡಿದ್ರೆ ಯೂನಿಕೋಡ್ ಮೇಲ್ ಮಾತ್ರ ಸಿಗ್ತವೆ, ಬರಹದವು ಸಿಗಲ್ಲ. ಇದು ಥಂಡರ್‌ಬರ್ಡ್ ತಪ್ಪಲ್ಲ, ವೇಷದ ಕನ್ನಡದ ತಪ್ಪು. ಯಾವ ಪ್ರೋಗ್ರಾಂ ಬಂದ್ರೂ ಆ ಗಾಯ ಇರೋದೇ.

ಸಾಗಣೆ ಸುಲಭವಾದದ್ದು ಲೈವ್ ಮೇಲ್‌ನ ಪುಣ್ಯದಿಂದ. ಅದು ಪ್ರತಿ ಮೇಲ್ ಅನ್ನೂ ಇಎಂಎಲ್ ಅನ್ನೋ ಬಿಡಿ ಫೈಲ್ ಆಗಿ ಇಟ್ಟಿತ್ತು. ಮೊದಲು ಫೋಲ್ಡರನ್ನ ಇಡಿಯಾಗಿ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ನೀವೂ ಇದನ್ನ ಮಾಡದೆ ಮುಂದೆ ಹೋಗಬೇಡಿ. ಆಮೇಲೆ ತಾನೇ ಎಲ್ಲಾ ತರ್ತೀನಿ ಅಂದ ಒಂದು ಪ್ರೋಗ್ರಾಂ (ಹೆಸರು ಬೇಡ) ‘ಯಶಸ್ವಿ’ ಅಂತ ಹಸಿರು ಗುರುತು ತೋರಿಸಿತು. ಇನ್‌ಬಾಕ್ಸ್ ಭರ್ತಿ ಇತ್ತು. ಸೆಂಟ್ ನೋಡಿದ್ರೆ ಚಿಗವ್ವನ ಕಾಲದ್ದು ಒಂದೂ ಇಲ್ಲ. ಎಕ್ಸ್‌ಪಿ ಕಾಲದ ಮೇಲ್ ಎಲ್ಲಾ ಅಕೌಂಟಿನ ಒಳಗಲ್ಲ, ‘ಸ್ಟೋರೇಜ್ ಫೋಲ್ಡರ್ಸ್’ ಅನ್ನೋ ಬೇರೆ ಜಾಗದಲ್ಲಿ ಕೂತಿದ್ವು, ಅದು ಅಲ್ಲಿಗೆ ಹೋಗೇ ಇರಲಿಲ್ಲ. ಕಾಕಾ ಏನೂ ಅನ್ನಲಿಲ್ಲ. ಎದ್ದು ಹೊರಗೆ ಹೋಗಿ ಕಟ್ಟೆ ಮೇಲೆ ಕೂತ್ರು. ಆ ಹತ್ತು ನಿಮಿಷದಲ್ಲಿ ನನಗೆ ಗೊತ್ತಾಯ್ತು, ಹಸಿರು ಗುರುತಿಗೂ ಲೆಕ್ಕಕ್ಕೂ ಎಷ್ಟು ಅಂತರ ಅಂತ. ಥಂಡರ್‌ಬರ್ಡ್‌ಗೆ ‘ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ’ ಅನ್ನೋ ಆ್ಯಡ್-ಆನ್ ಹಾಕಿ, ಆ ಫೋಲ್ಡರನ್ನೇ ಒಳಗಿನ ಫೋಲ್ಡರ್‌ಗಳ ಸಮೇತ ಎಳೆದುಕೊಂಡೆ. ಅಲ್ಲಿ ಎಷ್ಟು, ಇಲ್ಲಿ ಎಷ್ಟು ಅಂತ ಒಂದೊಂದಾಗಿ ತಾಳೆ ನೋಡಿದೆ. ತಾಳೆ ಆಯ್ತು.

ನ್ಯೂಸ್‌ಗ್ರೂಪ್ ವಿಷಯ ಕೇಳಿದ್ರೆ ನಗ್ತೀರಿ. ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ಗೆ ಬಾಗಿಲು ಹಾಕಿತು. ಹಳೇ ಪೋಸ್ಟ್ ಅಲ್ಲಿ ಓದಬಹುದು, ಹೊಸದು ಬರಲ್ಲ. ಈಗ ‘ಎಟರ್ನಲ್ ಸೆಪ್ಟೆಂಬರ್’ ಅನ್ನೋ ಪುಕ್ಕಟೆ ಸರ್ವರ್‌ನಲ್ಲಿ ಹೆಸರು ನೋಂದಾಯಿಸಿ ಥಂಡರ್‌ಬರ್ಡ್‌ಗೆ ಸೇರಿಸಿದೆ. ಮೊದಲಿನ ಸಂತೆ ಅಲ್ಲಿಲ್ಲ, ಕಟ್ಟೆ ಮೇಲೆ ನಾಲ್ಕು ಮುದುಕರು ಕೂತ ಹಾಗಿದೆ. “ಸಾಕು, ಅವರ ಜೋಡಿ ನಾ ಒಬ್ಬ” ಅಂದ್ರು ಕಾಕಾ.

ಕಾಕಾನ ಮನೆಯಲ್ಲಿ ಒಂದು ತಗಡಿನ ಟ್ರಂಕ್ ಇದೆ, ಅಂಚೆಯಲ್ಲಿ ಬಂದ ಕಾಗದಗಳದ್ದು. ಹಳೇದರ ಮೇಲೆ ಮುಶಿಗೇರಿ, ತಾಲೂಕು ರೋಣ, ಜಿಲ್ಲಾ ಧಾರವಾಡ. 1997ರ ನಂತರದ್ದರ ಮೇಲೆ ಜಿಲ್ಲಾ ಗದಗ. ಈಚಿನವಕ್ಕೆ ತಾಲೂಕು ಗಜೇಂದ್ರಗಡ. ಊರು ಕದಲಲಿಲ್ಲ, ವಿಳಾಸ ಬದಲಾಯ್ತು, ಒಂದು ಕಾಗದವೂ ಓದೋಕೆ ಬಾರದಂತೆ ಆಗಲಿಲ್ಲ. ಮೇಲ್ ಪ್ರೋಗ್ರಾಂ ಅಂದ್ರೂ ಒಂದು ಟ್ರಂಕೇ. ಬೀಗದ ಕೈ ನಿಮ್ಮ ಹತ್ತಿರ ಇರಬೇಕು, ಒಳಗಿದ್ದದ್ದನ್ನ ಇನ್ನೊಂದು ಟ್ರಂಕಿಗೆ ಎತ್ತಿಡೋಕೆ ಆಗಬೇಕು. ಬಣ್ಣ ಆಮೇಲಿನ ಮಾತು.

ನಿಮ್ಮದೆಲ್ಲ ಕ್ಲೌಡಿನಲ್ಲಿ ಭದ್ರ ಅಂತೀರಾ? ಎರಡು ವರ್ಷ ಮುಟ್ಟದ ಖಾಸಗಿ ಅಕೌಂಟನ್ನ ಅಳಿಸೋ ನಿಯಮವನ್ನ ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ತೀರಿಕೊಂಡವರು ಲಾಗಿನ್ ಆಗಲ್ಲ. ನಾನು ಜಿಮೇಲ್ ಬೈಯ್ತಿಲ್ಲ, ಕಾಕಾನ ಹಳೇ ಮೇಲ್‌ಗಳದೊಂದು ಪ್ರತಿ ಅಲ್ಲಿಗೂ ಏರಿಸಿದ್ದೀನಿ. ಅಲ್ಲೊಂದೇ ಇದ್ರೆ ಸಾಲದು ಅಂತಷ್ಟೇ.

ಸಂಜೆ ಕಾಕಾ ಸೆಂಟ್ ಫೋಲ್ಡರ್ ತೆಗೆದು ತಳಕ್ಕೆ ಹೋಗಿ ಒಂದು ಮೇಲ್ ಗಟ್ಟಿಯಾಗಿ ಓದಿದ್ರು. ಕೊನೇ ಸಾಲು ಚಿಗವ್ವನದು, ಆಕೆ ಹೇಳಿದ್ದನ್ನ ಕಾಕಾ ಚಾಚೂ ತಪ್ಪದೆ ಟೈಪ್ ಮಾಡಿದ್ದು: “ನಾ ಹೇಳಿದ್ದು ಇವರು ಅರ್ಧಾ ಬಿಟ್ಟಾರ, ಉಳಿದಿದ್ದು ಫೋನ್ ಮಾಡಿದಾಗ ಹೇಳ್ತೀನಿ.”

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು, “ಹೋಳಿಗಿ ಆರಿ ಹೋಗ್ಯಾವು, ನಡಿ” ಅಂದ್ರು.