ಪೈಲ್ವಾನನಿಗೆ ಬೆಂಚ್ ಇಲ್ಲ

ನಮ್ಮ ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ಟೌನ್‌ಹಾಲ್ ಅಂತ ಒಂದು ಸಭೆ ಆಗುತ್ತೆ. ಕಳೆದ ಸಲ ಪರದೆ ಮೇಲೆ ಜೂಲಿಯನ್ ಎಡೆಲ್‌ಮನ್ ಬಂದ. ಅಮೆರಿಕನ್ ಫುಟ್‌ಬಾಲ್ ಆಟಗಾರ. ಸ್ಲೈಡಿನ ಸಾರಾಂಶ ಇಷ್ಟು: ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು ಪಾತ್ರ ಬದಲಿಸಿಕೊಂಡ, ಕಷ್ಟಪಟ್ಟ, ಗೆದ್ದ. ನೀವೂ ಬದಲಾಗಿ. ಎಲ್ಲರೂ ಚಪ್ಪಾಳೆ ತಟ್ಟಿದೆವು, ಆಮೇಲೆ ಸಮೋಸಾ ತಿಂದೆವು.

ಕಥೆ ಸುಳ್ಳಲ್ಲ. ಆದರೆ ಅದರೊಳಗಿನ ಮುಖ್ಯ ವಿಷಯವನ್ನೇ ಬಿಟ್ಟು ಹೇಳಿದರು ಅನ್ನೋದು ನನ್ನ ತಕರಾರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕ್ವಾರ್ಟರ್‌ಬ್ಯಾಕ್ ಅಂದರೆ ಮೈದಾನದಲ್ಲಿ ತಂಡದ ಯಜಮಾನ. ಚೆಂಡು ಅವನ ಕೈಗೆ ಬರುತ್ತೆ, ಯಾರಿಗೆ ಎಸೆಯಬೇಕು ಅಂತ ಅವನೇ ನೋಡಿ ತೀರ್ಮಾನಿಸುತ್ತಾನೆ. ರಿಸೀವರ್ ಅಂದರೆ ಓಡಿಹೋಗಿ ಆ ಚೆಂಡು ಹಿಡಿಯುವವನು. ಎಡೆಲ್‌ಮನ್ ಕ್ಯಾಲಿಫೋರ್ನಿಯಾದವನು, ಅಪ್ಪ ಗಾಡಿ ರಿಪೇರಿ ಮೆಕ್ಯಾನಿಕ್. ಓಹಾಯೋದ ಕೆಂಟ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಯಜಮಾನಿಕೆ ಮಾಡಿದ. ಎತ್ತರ ಐದಡಿ ಹತ್ತಿಂಚು, ವೃತ್ತಿಪರ ಕ್ವಾರ್ಟರ್‌ಬ್ಯಾಕ್ ಆಗೋಕೆ ಗಿಡ್ಡ. 2009ರ ಡ್ರಾಫ್ಟ್‌ನಲ್ಲಿ 256 ಹುಡುಗರನ್ನು ಆರಿಸಿದರು, ಇವನ ನಂಬರ್ 232. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಇವನನ್ನು ತಗೊಂಡಿದ್ದೇ ಬೇರೆ ಕೆಲಸಕ್ಕೆ: ಎಸೆಯೋದಲ್ಲ, ಹಿಡಿಯೋದು. ಅಷ್ಟು ವರ್ಷ ಕಲಿತಿದ್ದೆಲ್ಲ ಪಕ್ಕಕ್ಕಿಟ್ಟು 22ನೇ ವಯಸ್ಸಿಗೆ ಮತ್ತೆ ಒಂದನೇ ಕ್ಲಾಸು.

ಈಗ ಸ್ಲೈಡಿನಲ್ಲಿ ಇಲ್ಲದ ಲೆಕ್ಕ ಹೇಳ್ತೀನಿ. ಮೊದಲ ವರ್ಷ ಅವನು ಹಿಡಿದ ಚೆಂಡು 37. ಎರಡನೇ ವರ್ಷ 7. ಮೂರನೇ ವರ್ಷ ಬರೀ 4. ಆ ವರ್ಷ ರಕ್ಷಣೆಯಲ್ಲಿ ಆಳು ಕಡಿಮೆಯಾಗಿ ಅಲ್ಲೂ ನಿಲ್ಲಿಸಿದ್ದರು. ನಾಲ್ಕನೇ ವರ್ಷ 21. ಒಟ್ಟು ನಾಲ್ಕು ವರ್ಷಕ್ಕೆ 69. ನಮ್ಮ ಆಫೀಸಿನ ಅಪ್ರೈಸಲ್‌ನಲ್ಲಿ ಈ ನಂಬರ್ ತೋರಿಸಿದ್ದರೆ ಎರಡನೇ ವರ್ಷಕ್ಕೇ ಗೇಟ್ ಪಾಸ್. 2013ರಲ್ಲಿ ವೆಸ್ ವೆಲ್ಕರ್ ಎಂಬ ದೊಡ್ಡ ಆಟಗಾರ ತಂಡ ಬಿಟ್ಟ, ಜಾಗ ಖಾಲಿಯಾಯ್ತು, ಇವನು ಒಂದೇ ವರ್ಷದಲ್ಲಿ 105 ಹಿಡಿದ. 2017ರ ಸೂಪರ್ ಬೌಲ್‌ನಲ್ಲಿ ಮೂವರು ಎದುರಾಳಿಗಳ ನಡುವೆ ನೆಲಕ್ಕೆ ಇಂಚುಗಳಷ್ಟು ಮೇಲೆ ಹಿಡಿದ ಆ ಕ್ಯಾಚು, 2019ರ ಫೈನಲ್‌ನಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ, ಇವೆಲ್ಲ ಆಮೇಲಿನ ಮಾತು.

ನಾನು ಬನಹಟ್ಟಿಯವನು. ಊರಿಗೆ ಹೋದಾಗ ಈ ಕಥೆಯನ್ನ ನಮ್ಮ ಓಣಿಯ ಒಬ್ಬ ಮಾಜಿ ಪೈಲ್ವಾನನಿಗೆ ಹೇಳಿದೆ. ಈಗ ಪವರ್‌ಲೂಮ್ ನಡೆಸ್ತಾನೆ. ಮಗ್ಗದ ಸದ್ದಿನಲ್ಲಿ ನಾನು ಕೂಗಿ ಕೂಗಿ ಹೇಳಿದ್ದೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ: "ಆ ನಾಲ್ಕ ವರ್ಷ ಅವಂಗ ಖುರಾಕ ಯಾರ ಕೊಟ್ರು?"

ಟೌನ್‌ಹಾಲ್‌ನಲ್ಲಿ ಇನ್ನೂರು ಜನ ಎಂಜಿನಿಯರುಗಳಿದ್ದೆವು. ಒಬ್ಬರಿಗೂ ಈ ಪ್ರಶ್ನೆ ಹೊಳೆಯಲಿಲ್ಲ. ನನಗೂ.

ಖುರಾಕು ಕೊಟ್ಟಿದ್ದು ತಂಡ. 2009ರಲ್ಲಿ ಆ ಲೀಗಿನ ಹೊಸಬನ ಕನಿಷ್ಠ ಸಂಬಳವೇ ವರ್ಷಕ್ಕೆ 3 ಲಕ್ಷ 10 ಸಾವಿರ ಡಾಲರ್. ಕೋಚು, ಡಾಕ್ಟರು, ಜಿಮ್ಮು ಬೇರೆ. ಎಡೆಲ್‌ಮನ್ ಬೆವರು ಸುರಿಸಿಲ್ಲ ಅಂತಲ್ಲ. ಬೆವರು ನಮ್ಮ ಕಡೆಯೂ ಅಷ್ಟೇ ಸುರಿಯುತ್ತೆ, ಬಿಸಿಲು ಜಾಸ್ತಿ ಇರೋದರಿಂದ ಇನ್ನೊಂದು ಚೂರು ಹೆಚ್ಚೇ.

ನಮ್ಮ ಕಡೆ ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಇಲ್ಲಿ ಜಾತ್ರೆ ಅಂದರೆ ತೇರು ಎಷ್ಟು ಮುಖ್ಯವೋ ಕುಸ್ತಿಯೂ ಅಷ್ಟೇ ಮುಖ್ಯ. ಚಿಣ್ಣರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಹೊತ್ತು ಮುಳುಗೋ ಹೊತ್ತಿಗೆ ದೊಡ್ಡ ಜೋಡಿ, ಬೆಳ್ಳಿ ಕಡ, ಹಲಗೆ ಸದ್ದು. ಆದರೆ ಅದು ಮಣ್ಣಿನ ಕುಸ್ತಿ. ಬೆನ್ನು ನೆಲಕ್ಕೆ ಹತ್ತಬೇಕು, ಚಿತ್ ಆಗಬೇಕು, ಅಲ್ಲಿವರೆಗೆ ಆಟ. ಹತ್ತು ನಿಮಿಷ ಒಂದೇ ಪಟ್ಟು ಹಾಕಿಕೊಂಡು ಎದುರಾಳಿಯ ಉಸಿರು ಸೋಲೋದನ್ನ ಕಾಯಬಹುದು. ಒಲಿಂಪಿಕ್ಸ್ ಇರೋದು ಮ್ಯಾಟ್ ಮೇಲೆ: ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟಿನ ಲೆಕ್ಕ, ಕಾಲಿಗೆ ಬೂಟು. ಗ್ರೀಕೋ-ರೋಮನ್ ಆದರೆ ಸೊಂಟದ ಕೆಳಗೆ ಮುಟ್ಟೋ ಹಾಗೂ ಇಲ್ಲ. ಮಣ್ಣಿನ ಪೈಲ್ವಾನ ಮ್ಯಾಟಿಗೆ ಹೋಗೋದು ಅಂದರೆ ಕ್ವಾರ್ಟರ್‌ಬ್ಯಾಕ್ ರಿಸೀವರ್ ಆದ ಹಾಗೇ. ಮೈ ಅದೇ, ಕಸುಬು ಬೇರೆ.

ಇದನ್ನು ದಾಟಿದ ದೊಡ್ಡ ಹೆಸರು ನಮಗೆ ದೂರದ್ದಲ್ಲ. ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್, ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿ. (ಜಮಖಂಡಿಯವರಿಗೆ ಕೊಲ್ಹಾಪುರ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಮನಸ್ಸಿಗೂ.) 1948ರ ಲಂಡನ್ ಒಲಿಂಪಿಕ್ಸ್‌ಗೆ ಕೊಲ್ಹಾಪುರದ ಮಹಾರಾಜರು ಖರ್ಚು ಕೊಟ್ಟರು, ಮ್ಯಾಟಿನ ಅಭ್ಯಾಸ ಸಾಲದೆ ಆರನೆಯವರಾದರು. 1952ರ ಹೆಲ್ಸಿಂಕಿಗೆ ಹೋಗಲು ಊರೂರು ದುಡ್ಡು ಎತ್ತಿದರು. ಪ್ರಿನ್ಸಿಪಾಲ್ ಖರ್ಡೇಕರ್ ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಜಾಧವ್ ಕಂಚು ತಂದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಇಲ್ಲೂ ನೋಡಿ, ಆರರಿಂದ ಮೂರಕ್ಕೆ ನಾಲ್ಕು ವರ್ಷ. ಕಾಯುವವರು ಇದ್ದರು. ಆದರೆ ಕಾದಿದ್ದು ವ್ಯವಸ್ಥೆಯಲ್ಲ, ಒಬ್ಬ ಮೇಷ್ಟ್ರ ಮನೆ.

ಇನ್ನು ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ. 2020ರ ಫೆಬ್ರವರಿ, ದೆಹಲಿಯಲ್ಲಿ ಏಷ್ಯನ್ ಚಾಂಪಿಯನ್‌ಶಿಪ್, ಅದೇ ಜಾಧವ್ ಹೆಸರಿನ ಕ್ರೀಡಾಂಗಣ. 55 ಕೆಜಿ ಗ್ರೀಕೋ-ರೋಮನ್. ಸೆಮಿಫೈನಲ್‌ನಲ್ಲಿ ಇರಾನಿನ ಹುಡುಗನ ಮೇಲೆ 7-1 ಮುಂದಿದ್ದ. ಗ್ರೀಕೋ-ರೋಮನ್‌ನಲ್ಲಿ ಎಂಟು ಪಾಯಿಂಟ್ ಅಂತರ ಆದರೆ ಅಲ್ಲಿಗೇ ಕುಸ್ತಿ ಮುಗೀತು. ಅಂದರೆ ಇನ್ನು ಎರಡು ಪಾಯಿಂಟು. ಸಿಗಲಿಲ್ಲ, 7-8 ಸೋತ. ಆಮೇಲೆ ಕೊರಿಯಾದವನನ್ನು 7-4ರಿಂದ ಮಣಿಸಿ ಕಂಚು ಗೆದ್ದ. ಆ ವಾರ ನನ್ನ ಊರಿನ ವಾಟ್ಸಾಪ್ ಗುಂಪಿನ ತುಂಬ ಕೈತಪ್ಪಿದ ಚಿನ್ನದ ಚರ್ಚೆ. ನಾನೂ ಎರಡು ಮೂರು ಪಂಡಿತ ಮಾತು ಸೇರಿಸಿದ್ದೆ, ಈಗ ಓದಿದರೆ ನಾಚಿಕೆಯಾಗುತ್ತೆ.

ಯಾಕಂದರೆ ನಾವ್ಯಾರೂ ಕೇಳದ ವಿಷಯ ಇನ್ನೊಂದಿತ್ತು. 55 ಕೆಜಿ ಒಲಿಂಪಿಕ್ಸ್‌ನಲ್ಲಿ ಇಲ್ಲವೇ ಇಲ್ಲ! ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಹತ್ತು ತೂಕ, ಟೋಕಿಯೋ ಒಲಿಂಪಿಕ್ಸ್‌ನ ಗ್ರೀಕೋ-ರೋಮನ್‌ನಲ್ಲಿ ಆರು. ಅದರಲ್ಲಿ ಎಲ್ಲಕ್ಕಿಂತ ಕಡಿಮೆ 60. ಖಂಡಕ್ಕೇ ಮೂರನೆಯವನಾದವನು ಒಲಿಂಪಿಕ್ಸ್ ಬೇಕು ಅಂದರೆ ಐದು ಕೆಜಿ ಮಾಂಸಖಂಡ ಕಟ್ಟಿ, ಮೇಲಿನಿಂದ ತೂಕ ಇಳಿಸಿಕೊಂಡು ಬರೋ ಗಟ್ಟಿ ಆಳುಗಳ ಜೊತೆ ಮತ್ತೆ ಸೊನ್ನೆಯಿಂದ ಹಿಡೀಬೇಕು. ಮತ್ತೊಂದು ಒಂದನೇ ಕ್ಲಾಸು. ಬಿದ್ದು ಕಲಿಯೋಕೆ ಮತ್ತಷ್ಟು ವರ್ಷ.

ನಮ್ಮಲ್ಲಿ ಬೆಂಚೇ ಇಲ್ಲ ಅಂದರೆ ತಪ್ಪಾಗುತ್ತೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಬಾಯ್ಸ್ ಸ್ಪೋರ್ಟ್ಸ್ ಕಂಪನಿ ಇದೆ, ಹುಡುಗರಿಗೆ ಊಟ, ಶಾಲೆ, ಮ್ಯಾಟು ಎಲ್ಲ ಕೊಡುತ್ತೆ. ಸರ್ಕಾರದ ಕ್ರೀಡಾ ಹಾಸ್ಟೆಲುಗಳಿವೆ. ರೈಲ್ವೆ, ಸೇನೆ, ಪೊಲೀಸ್ ಕೋಟಾಗಳೇ ನಮ್ಮ ಡ್ರಾಫ್ಟು. ಆದರೆ ಈ ಬಾಗಿಲುಗಳು ತೆರೆಯೋದು ಒಂದೋ ಸಣ್ಣ ಹುಡುಗನಿಗೆ, ಇಲ್ಲ ಪದಕ ಕೈಯಲ್ಲಿ ಹಿಡಿದು ಬಂದವನಿಗೆ. ಜಾತ್ರೆ ಕಣದಲ್ಲಿ ಹೆಸರು ಮಾಡಿ, 22ಕ್ಕೆ ಮ್ಯಾಟ್ ಕಲೀತೀನಿ ಅಂತ ಬರೋನಿಗೆ? ಎಡೆಲ್‌ಮನ್‌ಗೆ ಬಾಗಿಲು ತೆರೆದಿದ್ದು ಸರಿಯಾಗಿ ಆ ವಯಸ್ಸಿಗೆ.

ನನಗೂ ತೆರೆದಿತ್ತು, ಅದನ್ನೂ ಹೇಳಿಬಿಡ್ತೀನಿ. ಮೆಕ್ಯಾನಿಕಲ್ ಓದಿದವನು ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಸೇರಿದೆ. ಐದು ತಿಂಗಳು ಪ್ರಾಜೆಕ್ಟ್ ಇರಲಿಲ್ಲ. ಬೆಂಚ್ ಮೇಲೆ ಕೂತು ಸಂಬಳ ತಗೊಂಡು ಜಾವಾ ಕಲಿತೆ, ಮಧ್ಯಾಹ್ನ ಟೇಬಲ್ ಟೆನ್ನಿಸ್ ಆಡಿದೆ. ಊರಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದು ಮಾತ್ರ, ಕಷ್ಟಪಟ್ಟು ಲೈನ್ ಬದಲಿಸಿದೆ ಅಂತ.

ನಮ್ಮ ಓಣಿಯ ಪೈಲ್ವಾನನೂ ಅದೇ ಸುಮಾರಿಗೆ ಮ್ಯಾಟಿಗೆ ಹೋಗಿದ್ದ. ಎಂಟು ತಿಂಗಳು, ದಿನಕ್ಕೆ ಎರಡು ಹೊತ್ತು. ಹಾಲು, ಬಾದಾಮಿ, ತುಪ್ಪದ ಖರ್ಚನ್ನು ಅವರಪ್ಪ ಸೀರೆ ನೇಯ್ದ ಕೂಲಿಯಲ್ಲಿ ಕೊಡ್ತಿದ್ದರು. ಮಳೆಗಾಲದಲ್ಲಿ ಅಪ್ಪನಿಗೆ ಆರಾಮ ತಪ್ಪಿತು, ಮಗ್ಗಕ್ಕೆ ಕೈ ಬೇಕಾಯ್ತು, ಇವನು ಬಂದು ಕೂತ. ಆ ಎಂಟು ತಿಂಗಳಲ್ಲಿ ಏನು ಕಲಿತೆ ಅಂತ ಕೇಳಿದರೆ ಮಗ್ಗ ನಿಲ್ಲಿಸಿ, ಎದ್ದು, ನನ್ನನ್ನೇ ಎದುರಾಳಿ ಮಾಡಿಕೊಂಡು ಸೊಂಟದ ಮೇಲಿಂದ ಹಿಡಿಯೋದು ಹೇಗೆ ಅಂತ ತೋರಿಸಿದ. ಹಿಡಿತ ಇನ್ನೂ ಬಿಗಿಯಾಗೇ ಇದೆ.