ಪ್ಲಗ್ ಆಯ್ಕೆಯ ವಿವೇಕ: ಕೃಷ್ಣೆಯ ದೋಣಿ ಎಂಜಿನ್‌ಗಳನ್ನು ಕುರಿತು

ದೋಣಿಯ ಪೆಟ್ರೋಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಆರಿಸುವಾಗ ಎರಡು ರೂಢಿಗಳು ಎದುರಾಗುತ್ತವೆ. ತಿರುಪಿನ ಚೂಡಿ ಸರಿಯಾಗಿ ಕೂತರೆ ಯಾವ ಪ್ಲಗ್ಗಾದರೂ ನಡೆದೀತು ಎಂಬುದು ಒಂದು. ಎಂಜಿನ್ ಶಕ್ತಿಶಾಲಿಯಾಗಿದ್ದರೆ ‘ತಂಪು’ ಪ್ಲಗ್ಗೇ ಬೇಕು ಎಂಬುದು ಇನ್ನೊಂದು. ಮೊದಲನೆಯದು ತಪ್ಪು, ಎರಡನೆಯದು ಅರ್ಧಸತ್ಯ. ಘಟಪ್ರಭೆ ಚಿಕ್ಕಸಂಗಮದಲ್ಲೂ ಮಲಪ್ರಭೆ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲೂ ಕೃಷ್ಣೆಯನ್ನು ಸೇರುವ, 2019ರ ಆಗಸ್ಟ್‌ನಲ್ಲಿ ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನ ದೇಗುಲಗಳಿಗೂ ನೆರೆ ನುಗ್ಗಿದ ಬಾಗಲಕೋಟೆ ಜಿಲ್ಲೆಯಲ್ಲಿ ದೋಣಿಯ ಎಂಜಿನ್ ಕೈಕೊಟ್ಟರೆ ಜೀವಕ್ಕೇ ಕುತ್ತು ಬರುವುದರಿಂದ, ಈ ರೂಢಿಗಳನ್ನು ಒರೆಗೆ ಹಚ್ಚುವುದು ಅಗತ್ಯ.

ತಂಪು, ಬಿಸಿ ಎಂಬ ಭೇದ ಕಿಡಿಗೆ ಸಂಬಂಧಿಸಿದ್ದಲ್ಲ. ಪ್ಲಗ್ಗಿನ ಪಿಂಗಾಣಿ ಮೂತಿ ತನಗೆ ತಗುಲಿದ ಶಾಖವನ್ನು ಎಷ್ಟು ಬೇಗ ಲೋಹದ ಕವಚಕ್ಕೆ ದಾಟಿಸುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಮೂತಿ ಗಿಡ್ಡವಾಗಿದ್ದರೆ ಶಾಖ ಬೇಗ ಇಳಿದು ಪ್ಲಗ್ ತಂಪಾಗಿರುತ್ತದೆ, ನೀಳವಾಗಿದ್ದರೆ ಬಿಸಿಯಾಗಿರುತ್ತದೆ. ಮೂತಿಯ ಉಷ್ಣತೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮಸಿ ಸುಟ್ಟುಹೋಗದೆ ಉಳಿದು, ಮೆಕ್ಯಾನಿಕ್‌ಗಳು ಹೇಳುವಂತೆ ಪ್ಲಗ್ ಶಾರ್ಟ್ ಆಗುತ್ತದೆ. ಸುಮಾರು 850 ಡಿಗ್ರಿಯನ್ನು ತೀರಾ ಮೀರಿದರೆ ಕಿಡಿಗಿಂತ ಮುಂಚೆಯೇ ಇಂಧನ ಹೊತ್ತಿಕೊಂಡು ಪಿಸ್ಟನ್ ಕರಗುವ ಅಪಾಯವಿದೆ. ಈ ತಂಪು-ಬಿಸಿಯನ್ನು ಸೂಚಿಸುವ ಉಷ್ಣಶ್ರೇಣಿಯ ಅಂಕಿಯನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಬಳಸುವುದಿಲ್ಲ: ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ಹೆಚ್ಚಿದಷ್ಟೂ ಬಿಸಿ. ಆದ್ದರಿಂದ ಚೂಡಿಯನ್ನಷ್ಟೇ ನೋಡಿ ಕಂಪನಿ ಬದಲಿಸುವುದು ಎಂಜಿನ್ನನ್ನೇ ಪಣಕ್ಕೊಡ್ಡಿದಂತೆ.

ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಸೂಪರ್‌ಚಾರ್ಜರ್ ಇರುವಲ್ಲಿ ತಂಪು ಪ್ಲಗ್ಗಿನ ವಾದಕ್ಕೆ ನಿಜವಾದ ಆಧಾರವಿದೆ. ಹೆಚ್ಚು ಗಾಳಿಗೆ ಹೆಚ್ಚು ಇಂಧನ ಸೇರಿ ಶಾಖ ಏರುತ್ತದೆ. ಒತ್ತಡ ಏರಿದಂತೆ ಕಿಡಿ ಹಾರಲು ಬೇಕಾದ ವೋಲ್ಟೇಜೂ ಏರುವುದರಿಂದ, ಕಿಡಿ ಹಾರುವ, ಸಾಮಾನ್ಯವಾಗಿ 0.8ರಿಂದ 1.1 ಮಿಲಿಮೀಟರ್ ಇರುವ ಗ್ಯಾಪನ್ನು ಹಲವೊಮ್ಮೆ 0.6–0.7ಕ್ಕೆ ಇಳಿಸಬೇಕಾಗುತ್ತದೆ. ಆದರೆ ಮರ್ಕ್ಯುರಿ ಕಂಪನಿ 2004ರಲ್ಲಿ ತಂದ ವೆರಾಡೋದಂತಹ ಎಂಜಿನ್‌ಗಳಲ್ಲಿ ಸೂಪರ್‌ಚಾರ್ಜರ್ ಕಾರ್ಖಾನೆಯಲ್ಲೇ ಕೂತಿರುವುದರಿಂದ, ಸೂಚಿತ ಪ್ಲಗ್ಗಿನಲ್ಲೇ ಆ ಲೆಕ್ಕ ಸೇರಿರುತ್ತದೆ. ಅದಕ್ಕಿಂತಲೂ ತಂಪಾದುದನ್ನು ಹಾಕಬೇಕೆಂಬ ಸಲಹೆ ಒತ್ತಡವನ್ನು ಮತ್ತೆ ಹೆಚ್ಚಿಸಿದಾಗ ಮಾತ್ರ ಸಮರ್ಥನೀಯ. ಉಳಿದಂತೆ ಅದು ಮಸಿಯನ್ನು ಆಹ್ವಾನಿಸುತ್ತದೆ. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ಡೀಸೆಲ್ ಯಂತ್ರಗಳ ಅನುಭವವನ್ನೂ ಇಲ್ಲಿಗೆ ತರುವಂತಿಲ್ಲ. ಡೀಸೆಲ್ ಒತ್ತಡದ ಶಾಖಕ್ಕೆ ತಾನೇ ಹೊತ್ತಿಕೊಳ್ಳುವುದರಿಂದ ಅಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ.

ನೆರೆಯ ಕೆಲಸದಲ್ಲಿ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ. ಜನರನ್ನು ಹತ್ತಿಸಿಕೊಳ್ಳುವಾಗ ಔಟ್‌ಬೋರ್ಡ್ ಎಂಜಿನ್ ಬಹಳ ಹೊತ್ತು ನಿಧಾನವಾಗಿ ಓಡುತ್ತದೆ. ಎಣ್ಣೆ ಬೆರೆತ ಪೆಟ್ರೋಲಿನ ಟೂ-ಸ್ಟ್ರೋಕ್ ಆಗಿದ್ದರೆ ಪ್ಲಗ್ಗಿನ ತುದಿ ಕಪ್ಪಾಗಿ ಒದ್ದೆಯಾಗುತ್ತದೆ. ಮರುಗಳಿಗೆಯಲ್ಲೇ ತುಂಬಿದ ದೋಣಿಯನ್ನು ಸೆಳವಿಗೆದುರಾಗಿ ಪೂರ್ಣ ವೇಗದಲ್ಲಿ ಒಯ್ಯಬೇಕಾಗುತ್ತದೆ. ಮಸಿಗೆ ಪರಿಹಾರವೆಂದು ಬಿಸಿ ಪ್ಲಗ್ ಹಾಕಿದರೆ ಸ್ಟಾರ್ಟಿಂಗ್ ಸುಲಭವಾದರೂ, ಭಾರದ ಓಟದಲ್ಲಿ ಪಿಸ್ಟನ್ ಸುಡಬಹುದು. ಮರಳುಕಾಗದದಿಂದ ಉಜ್ಜಿದರೆ ಪಿಂಗಾಣಿಯ ಸಂದಿನಲ್ಲಿ ಕಣಗಳು ಉಳಿದು ಸಿಲಿಂಡರಿಗೆ ಇಳಿಯಬಹುದು. ಎಂಜಿನ್ ಮಾಡಬೇಕಾದ ಅತ್ಯಂತ ಭಾರದ ಕೆಲಸವೇ ಉಷ್ಣಶ್ರೇಣಿಯನ್ನು ನಿರ್ಧರಿಸಬೇಕು. ಮಸಿಯನ್ನು ಎದುರಿಸಬೇಕಾದುದು ಎಣ್ಣೆಯ ಸರಿಯಾದ ಪ್ರಮಾಣದಿಂದ, ಕಾರ್ಬ್ಯುರೇಟರಿನ ಹದದಿಂದ ಮತ್ತು ಬಿಡಿ ಪ್ಲಗ್ಗುಗಳ ಸಿದ್ಧತೆಯಿಂದ.

ಎತ್ತರದ ಪ್ರಶ್ನೆಯೂ ಇದೆ: ಕೃಷ್ಣೆಯ ಆಲಮಟ್ಟಿ ಜಲಾಶಯದ ಪೂರ್ಣಮಟ್ಟ 519.60 ಮೀಟರ್, ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಲಮಟ್ಟಕ್ಕಿಂತ ಸುಮಾರು ಶೇ 6ರಷ್ಟು ಕಡಿಮೆ. ಈ ಅಲ್ಪ ನಷ್ಟವನ್ನು ತುಂಬಲು ಸೂಪರ್‌ಚಾರ್ಜರ್ ಬೇಕಿಲ್ಲ. ಮರ್ಕ್ಯುರಿ ಕೂಡ 2018ರಲ್ಲಿ ಸೂಪರ್‌ಚಾರ್ಜರ್ ಇಲ್ಲದ 4.6 ಲೀಟರ್‌ನ ವಿ-8 ಎಂಜಿನ್‌ಗಳಿಂದಲೇ ಹೆಚ್ಚಿನ ಶಕ್ತಿ ಪಡೆಯುವ ಹಾದಿ ಹಿಡಿಯಿತು. ಬಾಗಲಕೋಟೆಯ ನದಿಗಳಿಗೆ ಸರಳ ಎಂಜಿನ್, ಅದರ ಕೈಪಿಡಿ ಹೇಳಿದ ಉಷ್ಣಶ್ರೇಣಿ, ಅಳೆದಿಟ್ಟ ಗ್ಯಾಪ್ ಇವೇ ತಕ್ಕವು. ಮಳೆಗಾಲಕ್ಕೆ ಮುನ್ನ ಪ್ರತಿ ರಕ್ಷಣಾ ದೋಣಿಯ ಪ್ಲಗ್ಗನ್ನು ಭಾರ ಹೊತ್ತ ಓಟದ ನಂತರ ಕಳಚಿ, ಅದರ ಬಣ್ಣ ಓದಿ, ಹೊಸದೊಂದು ಜೊತೆಯನ್ನು ದೋಣಿಯಲ್ಲಿ ಇರಿಸುವುದು ಅಗ್ಗದ ಕೆಲಸ. ಅದನ್ನು ಮಾಡದಿರಲು ಸಕಾರಣವೇ ಇಲ್ಲ.